ಮದುವೆ ಕ್ಯಾಮೆರಾದ ಮುಂದೆ ಗೋಲು ಗೆರೆ: ಹಾಸನದ ಬಾಡಿಗೆ ರಿಪ್ಲೇ ಸೇವೆ ಹೇಗಿದೆ?

ಹಾಸನ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು ಕಡೆ ಫುಟ್‌ಬಾಲ್ ಟೂರ್ನಮೆಂಟ್ ನಡೆಸುವವರಿಗೆ ಹೊಸದೊಂದು ಆಸೆ ಹತ್ತಿದೆ: ನಮ್ಮಲ್ಲೂ ವಿಎಆರ್ (ವಿಡಿಯೋ ನೋಡಿ ಮೈದಾನದ ರೆಫರಿಗೆ ನೆರವಾಗುವ ವ್ಯವಸ್ಥೆ) ಇರಲಿ. "ಲೈನ್ ದಾಟಿತ್ತು ಗುರು", "ಎಲ್ಲಿ ದಾಟಿತ್ತು, ಗೆರೆ ಮೇಲೇ ಇತ್ತು" ಎಂಬ ಜಗಳ ಮೈದಾನದಿಂದ ಟೀ ಅಂಗಡಿಗೆ, ಅಲ್ಲಿಂದ ವಾಟ್ಸಾಪ್ ಗುಂಪಿಗೆ ಹೋಗಿ ವಾರಗಟ್ಟಲೆ ನಡೆಯುವುದನ್ನು ನೋಡಿದವರಿಗೆ ಈ ಆಸೆ ಅರ್ಥವಾಗುತ್ತದೆ. ಹಾಸನದ ಮದುವೆ ವಿಡಿಯೋ ತಂಡವೊಂದು ಇದಕ್ಕೆಂದೇ ದಿನದ ಲೆಕ್ಕದಲ್ಲಿ ರಿಪ್ಲೇ ಸೇವೆ ಬಾಡಿಗೆಗೆ ಕೊಡುತ್ತಿದೆ. ಹೆಸರು ಇಲ್ಲಿ ಬೇಡ. ಇಂಥ ತಂಡಗಳ ಹತ್ತಿರ ಇರುವ ಸಾಮಾನು ಹೆಚ್ಚುಕಡಿಮೆ ಒಂದೇ: ಎರಡು ವಿಡಿಯೋ ಕ್ಯಾಮೆರಾ, ಟ್ರೈಪಾಡ್, ಕ್ಯಾಮೆರಾಗಳ ಚಿತ್ರ ಒಟ್ಟುಗೂಡಿಸುವ ಮಿಕ್ಸರ್, ಲ್ಯಾಪ್‌ಟಾಪ್, ರೆಫರಿ ನೋಡಲು ಒಂದು ಮಾನಿಟರ್, ಮೂರು ಜನ ಹುಡುಗರು. ಬೇಕೆಂದರೆ ಎಲ್‌ಇಡಿ ವಾಲ್, ಅದಕ್ಕೆ ಬೇರೆ ದುಡ್ಡು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚೆಂಡು ಗೋಲು ಗೆರೆ ದಾಟಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ ಈ ಸೇವೆ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಕ್ಯಾಮೆರಾ ಎಲ್ಲಿಡಬೇಕೆಂದು ನೀವೇ ನಿಂತು ಹೇಳಬೇಕು. ಆಫ್‌ಸೈಡ್‌ಗೆ, ಅಂದರೆ ಪಾಸ್ ಹೊರಟ ಕ್ಷಣ ಸ್ಟ್ರೈಕರ್ ಡಿಫೆಂಡರ್‌ಗಳನ್ನು ದಾಟಿ ಮುಂದಿದ್ದನೇ ಎಂಬ ಪ್ರಶ್ನೆಗೆ, ಇದನ್ನು ಮುಟ್ಟಲೇಬೇಡಿ.

ಕರಪತ್ರದಲ್ಲಿ ವಿಎಆರ್ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಅದು ಸರಿಯಲ್ಲ. 2018ರಲ್ಲಿ ಆಟದ ನಿಯಮಗಳಿಗೆ ಸೇರಿದ ವಿಎಆರ್‌ನಲ್ಲಿ ಪರದೆ ಮುಂದೆ ಕೂತ ಇನ್ನೊಬ್ಬ ರೆಫರಿ ಇಡೀ ಆಟವನ್ನು ತಾನಾಗಿಯೇ ತಪಾಸಣೆ ಮಾಡುತ್ತಿರುತ್ತಾನೆ. ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರುವವನು ನಿನ್ನೆ ಆರತಕ್ಷತೆಯ ಹಾಡಿಗೆ ಎಡಿಟ್ ಮಾಡಿದ ಹುಡುಗ. ಅವನು ರೆಫರಿಯಲ್ಲ, ಆಗಬೇಕಾಗಿಯೂ ಇಲ್ಲ. ಈ ಸೇವೆಗೆ ಹೊಂದುವ ಮಾದರಿ ಬೇರೆ ಇದೆ: ಫಿಫಾ 2024ರಲ್ಲಿ ಕೊಲಂಬಿಯಾದ ಅಂಡರ್-20 ಮಹಿಳಾ ವಿಶ್ವಕಪ್‌ನಲ್ಲಿ ಬಳಸಿದ ಫುಟ್‌ಬಾಲ್ ವಿಡಿಯೋ ಸಪೋರ್ಟ್. ಕ್ಯಾಮೆರಾ ಕಡಿಮೆ ಇರುವ ಟೂರ್ನಿಗಳಿಗೆಂದೇ ಮಾಡಿದ್ದು. ತಪಾಸಣೆಗೆ ಪ್ರತ್ಯೇಕ ರೆಫರಿ ಇಲ್ಲ. ಕೋಚ್ ಬೆರಳು ಗಾಳಿಯಲ್ಲಿ ತಿರುಗಿಸಿ, ಮೈದಾನದ ಹೊರಗೆ ನಿಲ್ಲುವ ನಾಲ್ಕನೇ ಅಧಿಕಾರಿಗೆ ಕಾರ್ಡ್ ಕೊಟ್ಟು, ರಿಪ್ಲೇ ನೋಡಿ ಎಂದು ಕೇಳಬೇಕು. ಮೈದಾನದ ರೆಫರಿ ಸ್ವತಃ ಬಂದು ನೋಡಬೇಕು. ತಂಡಕ್ಕೆ ಎರಡು ಅವಕಾಶ, ಕೇಳಿದ್ದು ಸರಿಯಾಗಿದ್ದರೆ ಆ ಅವಕಾಶ ಉಳಿಯುತ್ತದೆ. ತಂಡಕ್ಕೆ ಏಳೇ ಜನರ ನಮ್ಮ ಸೆವೆನ್ಸ್ ಆಟದ ಅವಧಿಗೆ ತಂಡಕ್ಕೆ ಒಂದೇ ಕಾರ್ಡ್ ಸಾಕು. ಎರಡು ಕೊಟ್ಟರೆ ಎರಡನೆಯದು ಸುಸ್ತಾದಾಗ ನೀರು ಕುಡಿಯಲು ಖರ್ಚಾಗುತ್ತದೆ.

ಈಗ ಕ್ಯಾಮೆರಾ. ವಿಡಿಯೋ ತಂಡದವರು ಬಂದವರೇ ಒಂದನ್ನು ಸೆಂಟರ್ ಲೈನ್ ಹತ್ತಿರ ಎತ್ತರದಲ್ಲಿಟ್ಟು, ಇನ್ನೊಂದನ್ನು ಹೆಗಲ ಮೇಲೆ ಹೊತ್ತು ಓಡಾಡುತ್ತಾರೆ. ಮಂಟಪದ ಅಭ್ಯಾಸ. ಯೂಟ್ಯೂಬ್ ಲೈವ್‌ಗೆ ಚೆನ್ನ, ಗೋಲು ತಗಾದೆಗೆ ಎರಡೂ ವ್ಯರ್ಥ. ಎರಡು ಕ್ಯಾಮೆರಾ, ಎರಡು ಗೋಲು: ಒಂದೊಂದು ಗೋಲು ಗೆರೆಗೆ ಒಂದೊಂದು, ಅಷ್ಟೇ ಲೆಕ್ಕ. ಲೈವ್ ಬೇಕಾದರೆ ಮೂರನೆಯದಾಗಿ ಒಂದು ಮೊಬೈಲ್ ಇಟ್ಟುಕೊಳ್ಳಲಿ.

ಗೋಲು ಗೆರೆ ಕ್ಯಾಮೆರಾ ಗೆರೆಯ "ಹತ್ತಿರ" ಇದ್ದರೆ ಸಾಲದು, ನೇರದಲ್ಲೇ ಇರಬೇಕು. ಒಂದು ಲೆಕ್ಕ ನೋಡಿ. ಹತ್ತಿರದ ಕಂಬದಿಂದ 20 ಮೀಟರ್ ದೂರದಲ್ಲಿ, ಗೆರೆಯ ನೇರ ಬಿಟ್ಟು ಒಂದೇ ಒಂದು ಮೀಟರ್ ಮೈದಾನದ ಕಡೆಗೆ ಕ್ಯಾಮೆರಾ ಇಟ್ಟಿದ್ದೀರಿ ಎನ್ನಿ. 7.32 ಮೀಟರ್ ಅಗಲದ ಗೋಲಿನ ನಟ್ಟನಡುವೆ ಚೆಂಡು ಬಿದ್ದರೆ, ಹತ್ತಿರದ ಕಂಬಕ್ಕೆ ಹೋಲಿಸಿ ನೋಡುವ ಕಣ್ಣಿಗೆ ಸುಮಾರು 18 ಸೆಂಟಿಮೀಟರ್ ತಪ್ಪು ಕಾಣುತ್ತದೆ. ಐದನೇ ಸೈಜಿನ ಚೆಂಡಿನ ಅಡ್ಡಗಲವೇ ಸುಮಾರು 22 ಸೆಂಟಿಮೀಟರ್. ಅಂದರೆ ಗೆರೆ ಪೂರ್ತಿ ದಾಟಿದ ಚೆಂಡು ಇನ್ನೂ ಗೆರೆಯ ಮೇಲಿರುವಂತೆ ಕಾಣಬಹುದು, ಅದೂ ಎಚ್‌ಡಿ ಗುಣಮಟ್ಟದಲ್ಲಿ, ಇಡೀ ಊರು ನಂಬುವ ಹಾಗೆ.

ಇದನ್ನು ಸರಿಮಾಡಲು ಟೇಪು ಬೇಡ. ವ್ಯೂಫೈಂಡರ್‌ನಲ್ಲಿ ಎರಡೂ ಕಂಬಗಳ ಹಿಂಬದಿ ಅಂಚು, ಅಂದರೆ ನೆಟ್ ಕಡೆಯ ಅಂಚು, ಒಂದರ ಮೇಲೊಂದು ಕೂರುವವರೆಗೆ ಟ್ರೈಪಾಡನ್ನು ಆಚೀಚೆ ಸರಿಸಿ. ಹಿಂದಿನ ಕಂಬ ಮುಂದಿನ ಕಂಬದ ಮರೆಗೆ ಹೋದಾಗ ಕ್ಯಾಮೆರಾ ಸರಿಯಾದ ಜಾಗದಲ್ಲಿದೆ. ಗೆರೆಯ ನಡುವಿಗೆ ನೇರ ಮಾಡುವುದು ಸಾಮಾನ್ಯ ತಪ್ಪು. ನಿಯಮದ ಪ್ರಕಾರ ಇಡೀ ಚೆಂಡು ಇಡೀ ಗೆರೆಯನ್ನು ದಾಟಬೇಕು, ಆದ್ದರಿಂದ ಲೆಕ್ಕಕ್ಕೆ ಬರುವುದು ಹಿಂದಿನ ಅಂಚು ಮಾತ್ರ. ಡಿಸೆಂಬರ್ 1, 2022ರಂದು ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್‌ನ ಮಿತೋಮ ಅಂಚಿನಿಂದ ಎಳೆದು ಕೊಟ್ಟ ಚೆಂಡು ಹುಲ್ಲು ಮುಟ್ಟಿದ್ದ ಜಾಗ ಗೆರೆಯ ಆಚೆಯೇ ಇತ್ತು. ಮೇಲಿನಿಂದ ನೋಡಿದರೆ ಚೆಂಡಿನ ಉಬ್ಬು ಮಾತ್ರ ಗೆರೆಯ ಮೇಲೆ ಕೂದಲೆಳೆಯಷ್ಟು ಚಾಚಿತ್ತು. ಆಟ ಮುಂದುವರಿದು ಗೋಲಾಯಿತು, ಜಪಾನ್ 2-1ರಲ್ಲಿ ಗೆದ್ದಿತು. ಮೈದಾನದ ಕಡೆಯಿಂದ ಓರೆಯಾಗಿ ತೆಗೆದ ಚಿತ್ರ ನೋಡಿದವರು ಇವತ್ತಿಗೂ ಅದು ಔಟ್ ಎನ್ನುತ್ತಾರೆ.

ನಮ್ಮಲ್ಲಿ ಇನ್ನೊಂದು ತೊಡಕು: ಗೆರೆಯೇ ನಿಲ್ಲುವುದಿಲ್ಲ. ಗೋಲು ಗೆರೆ ಕಂಬದಷ್ಟೇ ಅಗಲ, ಹೆಚ್ಚೆಂದರೆ 12 ಸೆಂಟಿಮೀಟರ್ ಇರಬೇಕು. ಸುಣ್ಣದ ಪುಡಿಯಲ್ಲಿ ಎಳೆದದ್ದು ಗೋಲ್‌ಕೀಪರ್ ಕಾಲಿಗೆ ಸಿಕ್ಕಿ ಹಾಫ್‌ಟೈಮ್ ಹೊತ್ತಿಗೆ ಒಂದು ಗೇಣು ಹರಡಿರುತ್ತದೆ. ಅದಕ್ಕೇ ಕಂಬದ ಅಂಚನ್ನೇ ನಂಬುವುದು. ಕಂಬ ಓರೆಯಾಗಿದೆಯೇ ಎಂದು ತೂಕದ ಗುಂಡು ಬಿಟ್ಟು ಮೊದಲೇ ನೋಡಿಕೊಳ್ಳಿ. ಪಕ್ಕದ ನೆಟ್‌ನ ತೂತುಗಳನ್ನೂ ಹೊಲಿಸಿ. 2013ರಲ್ಲಿ ಜರ್ಮನಿಯ ಲೀಗ್‌ನಲ್ಲಿ ಹೋಫೆನ್‌ಹೈಮ್ ವಿರುದ್ಧ ಲೆವರ್‌ಕುಸೆನ್‌ನ ಕೀಸ್ಲಿಂಗ್ ಹೆಡ್ ಮಾಡಿದ ಚೆಂಡು ಪಕ್ಕದ ನೆಟ್‌ನ ತೂತಿನಿಂದ ಒಳಗೆ ಹೋಗಿ ಗೋಲೆಂದೇ ದಾಖಲಾಯಿತು.

ಎತ್ತರ ಎಷ್ಟಿರಬೇಕು? ನೆಲಮಟ್ಟದಲ್ಲಿಟ್ಟರೆ ಕಂಬದ ಪಕ್ಕ ನಿಂತ ಡಿಫೆಂಡರ್‌ನ ಬೆನ್ನು ಮಾತ್ರ ರೆಕಾರ್ಡ್ ಆಗುತ್ತದೆ. ಜೂನ್ 2020ರಲ್ಲಿ ಇಂಗ್ಲೆಂಡ್‌ನ ಆಸ್ಟನ್ ವಿಲ್ಲಾ ಮೈದಾನದಲ್ಲಿ ಗೋಲ್‌ಕೀಪರ್ ನೈಲ್ಯಾಂಡ್ ಚೆಂಡನ್ನು ಹಿಡಿದುಕೊಂಡೇ ಗೆರೆಯಾಚೆ ಹೋದಾಗ ಚೆಂಡು ಗೆರೆ ದಾಟಿದರೆ ರೆಫರಿಯ ವಾಚ್‌ಗೆ ತಿಳಿಸುವ ಹಾಕ್-ಐ ವ್ಯವಸ್ಥೆಯ ಏಳು ಕ್ಯಾಮೆರಾಗಳಿಗೂ ಆಟಗಾರರು ಅಡ್ಡ ಬಂದಿದ್ದರು. ರೆಫರಿಯ ವಾಚ್ ಕಂಪಿಸಲಿಲ್ಲ, ಶೆಫೀಲ್ಡ್ ಯುನೈಟೆಡ್‌ಗೆ ಗೋಲು ಸಿಗಲಿಲ್ಲ. ಏಳಕ್ಕೇ ಆ ಗತಿ, ನಮ್ಮದು ಒಂದು. ಮೂರು ಮೀಟರಿನಷ್ಟು ಎತ್ತರ ಬೇಕು, ಅಂದರೆ ಟೆಂಟ್‌ಹೌಸ್ ಕಬ್ಬಿಣದ ಸ್ಟ್ಯಾಂಡ್ ಅಥವಾ ಟ್ರ್ಯಾಕ್ಟರ್ ಟ್ರೇಲರ್. ಟ್ರೇಲರ್ ಮೇಲೆ ಜನ ಹತ್ತಿ ಕುಣಿದರೆ ಚಿತ್ರವೂ ಕುಣಿಯುತ್ತದೆ, ಕ್ಯಾಮೆರಾ ಹುಡುಗನ ಬಿಟ್ಟು ಯಾರನ್ನೂ ಹತ್ತಿಸಬೇಡಿ. ಮಧ್ಯಾಹ್ನದ ಪಂದ್ಯವಾದರೆ ಎರಡೂ ಕ್ಯಾಮೆರಾ ಪಶ್ಚಿಮದ ಬದಿಗೆ, ಸೂರ್ಯ ಬೆನ್ನ ಹಿಂದಿರಲಿ.

ಸೆಟ್ಟಿಂಗ್‌ನಲ್ಲೂ ಮದುವೆ ವಾಸನೆ ಇದೆ. ಕ್ಯಾಮೆರಾಗಳು 1080-50ಐನಲ್ಲಿರುತ್ತವೆ. ಅದರಲ್ಲಿ ಒಂದು ಫ್ರೇಮ್ ಎಂದರೆ ಬೇರೆ ಬೇರೆ ಕ್ಷಣದ ಎರಡು ಅರ್ಧಚಿತ್ರ ಹೆಣೆದದ್ದು. ನಿಲ್ಲಿಸಿ ನೋಡಿದರೆ ಓಡುವ ಚೆಂಡಿನ ಅಂಚು ಬಾಚಣಿಗೆ ಹಲ್ಲಿನಂತೆ ಸೀಳಿರುತ್ತದೆ, ಅಳೆಯಬೇಕಾದದ್ದು ಆ ಅಂಚನ್ನೇ. ಸೆಕೆಂಡಿಗೆ 50 ಪೂರ್ತಿ ಚಿತ್ರ ತೆಗೆಯುವ 50ಪಿಗೆ ಬದಲಿಸಲು ಹೇಳಿ. ಮೆನುವಿನಲ್ಲಿ ಅರ್ಧ ನಿಮಿಷದ ಕೆಲಸ. ಆಟೋ ಫೋಕಸ್ ತೆಗೆಸಿ, ಕಂಬಕ್ಕೆ ಫೋಕಸ್ ಹಿಡಿದು ಲಾಕ್ ಮಾಡಿಸಿ, ಇಲ್ಲದಿದ್ದರೆ ಮಂಜು ಬಂದಾಗ ಕ್ಯಾಮೆರಾ ನೆಟ್ಟನ್ನೂ ಗಾಳಿಯನ್ನೂ ಹುಡುಕುತ್ತ ಕೂರುತ್ತದೆ. ಶಟರ್ ಹಗಲಿಗೆ 1/1000 ಸೆಕೆಂಡ್. ಗಂಟೆಗೆ 72 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ 20 ಮೀಟರ್ ಹೋಗುತ್ತದೆ. 1/1000ದಲ್ಲಿ ಅದರ ಮಸುಕು 2 ಸೆಂಟಿಮೀಟರ್, ಮದುವೆ ಮನೆಯ 1/50ರಲ್ಲಿ 40 ಸೆಂಟಿಮೀಟರ್. ರಾತ್ರಿ ಪಂದ್ಯದಲ್ಲಿ ಈ ಸಲಹೆ ಕೈಕೊಡುತ್ತದೆ. ಬಾಡಿಗೆ ಫ್ಲಡ್‌ಲೈಟ್‌ಗಳು ಕರೆಂಟಿನ ತಾಳಕ್ಕೆ ಮಿಣುಕುವುದರಿಂದ ಚಿತ್ರ ಒಮ್ಮೆ ಬೆಳಕು, ಒಮ್ಮೆ ಕತ್ತಲೆ. 1/100ಕ್ಕೆ ಇಳಿಸಿದರೆ ಮಿಣುಕು ನಿಲ್ಲುತ್ತದೆ, ಮಸುಕು 20 ಸೆಂಟಿಮೀಟರಿಗೆ ಏರುತ್ತದೆ. ಎರಡರಲ್ಲೊಂದನ್ನು ಒಪ್ಪಿಕೊಳ್ಳಬೇಕು. ಪುಣ್ಯಕ್ಕೆ ತಗಾದೆಯ ಗೋಲುಗಳಲ್ಲಿ ಚೆಂಡು ಅಷ್ಟು ವೇಗದಲ್ಲಿರುವುದು ಅಪರೂಪ: ಗೋಲಿನ ಮೇಲಡ್ಡ ಬಾರಿಗೆ ಬಡಿದು ಕೆಳಗೆ ಬಿದ್ದದ್ದು, ಕೀಪರ್ ಬಾಚಿ ತೆಗೆದದ್ದು, ಕೆಸರಲ್ಲಿ ನಿಂತದ್ದು. ನೆಟ್ ಹರಿಯುವಂತೆ ಹೊಡೆದ ಚೆಂಡಿಗೆ ಯಾರೂ ಕಾರ್ಡ್ ಎತ್ತುವುದಿಲ್ಲ.

ಆಮೇಲೆ ಕ್ಯಾಮೆರಾ ಹಿಂದಿನ ಮನುಷ್ಯ. ಒಳ್ಳೆಯ ಮದುವೆ ಕ್ಯಾಮೆರಾಮನ್ ಧಾರೆ ಹೊತ್ತಿಗೆ ತಾನಾಗಿಯೇ ಮುಖಕ್ಕೆ ಜೂಮ್ ಹೋಗುತ್ತಾನೆ. ಇಲ್ಲೂ ಹಾಗೇ: ಚೆಂಡು ಬಾರಿಗೆ ಬಡಿಯುವ ಹೊತ್ತಿಗೆ ಸ್ಟ್ರೈಕರ್ ತಲೆ ಮೇಲೆ ಕೈ ಹೊತ್ತುಕೊಂಡದ್ದು ಅದ್ಭುತವಾಗಿ ಬಂದಿರುತ್ತದೆ, ಚೆಂಡು ಫ್ರೇಮಿನಲ್ಲಿ ಇರುವುದಿಲ್ಲ. ಪ್ಯಾನ್, ಟಿಲ್ಟ್ ಎರಡೂ ಬಿಗಿಸಿ, ಮೇಲೊಂದು ಸುತ್ತು ಟೇಪು ಹಾಕಿಸಿ. "ಅಣ್ಣ, ನೀವು ಏನೂ ಮಾಡದೆ ಕೂತರೆ ಸಾಕು" ಎಂದು ಗೌರವದಿಂದಲೇ ಹೇಳಿ. ಈ ಸೇವೆಯಲ್ಲಿ ಅತಿ ಕಷ್ಟದ ಕೆಲಸ ಅದೇ.

ಕೇಬಲ್ ವಿಷಯದಲ್ಲಿ ತಂಡ ಗಟ್ಟಿ. ಎಚ್‌ಡಿಎಂಐ 15 ಮೀಟರ್ ಆಸುಪಾಸಿಗೆ ಕೈಕೊಡುತ್ತದೆಂದು ಅವರಿಗೆ ಗೊತ್ತು, ಹೆಚ್ಚು ದೂರಕ್ಕೂ ಚಿತ್ರ ಸಾಗಿಸುವ ಎಸ್‌ಡಿಐ ಕೇಬಲ್ ತರುತ್ತಾರೆ. ಮೇಜನ್ನು ಸೆಂಟರ್ ಲೈನಿಗೆ ಹಾಕಿದರೆ ಎರಡೂ ಗೋಲಿಗೆ ಉದ್ದ ಸರಿಹೋಗುತ್ತದೆ.

ಕರೆಂಟಿನಲ್ಲಿ ಮಾತ್ರ ಎಡವುತ್ತಾರೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಿಕ್ಸರಿಗೆ ಇಲ್ಲ. ಜನರೇಟರ್ ಒಮ್ಮೆ ಕೆಮ್ಮಿದರೆ ಮಿಕ್ಸರ್ ಆಫ್ ಆಗಿ ಮತ್ತೆ ಏಳುವಷ್ಟರಲ್ಲಿ ಆ ಗಳಿಗೆ ಹೋಗಿರುತ್ತದೆ. ಮಿಕ್ಸರಿಗೊಂದು ಸಣ್ಣ ಯುಪಿಎಸ್ ಕೊಡಿ. ಅದಕ್ಕಿಂತ ಮುಖ್ಯವಾಗಿ ಕ್ಯಾಮೆರಾಗಳ ಒಳಗಿನ ಕಾರ್ಡಿನಲ್ಲೂ ರೆಕಾರ್ಡಿಂಗ್ ಓಡುತ್ತಿರಲಿ. ದೊಡ್ಡವರಿಗೂ ಇದು ತಪ್ಪಿದ್ದಲ್ಲ: 2018ರ ಮೇ ತಿಂಗಳ ಆಸ್ಟ್ರೇಲಿಯಾದ ಎ-ಲೀಗ್ ಫೈನಲ್‌ನಲ್ಲಿ ಮೆಲ್ಬರ್ನ್ ವಿಕ್ಟರಿ ಹೊಡೆದ ಒಂದೇ ಗೋಲಿಗೆ ಮುಂಚೆ ಆಫ್‌ಸೈಡ್ ಇತ್ತು, ಸರಿಯಾಗಿ ಆ ಹೊತ್ತಿಗೇ ವಿಎಆರ್ ಕೋಣೆಗೆ ಚಿತ್ರ ಬರುವುದು ನಿಂತಿತ್ತು. ಪಂದ್ಯ 1-0ರಲ್ಲೇ ಮುಗಿಯಿತು.

ರಿಪ್ಲೇ ಓಡಿಸುವುದು ಒಬಿಎಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ರಿಪ್ಲೇ ಬಫರ್‌ನಿಂದ. ಕೊನೆಯ 30 ಸೆಕೆಂಡ್ ಉಳಿಸಿ ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ತೆರೆಯುತ್ತಾರೆ. ವಿಎಲ್‌ಸಿಯಲ್ಲಿ ಇ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಹಿಂದಕ್ಕೆ ಹಾಗೆ ಬರುವುದಿಲ್ಲ. ಬೇಕಾದ ಫ್ರೇಮ್ ದಾಟಿಹೋದರೆ ಮತ್ತೆ ಮೊದಲಿಂದ. ಎಂಪಿವಿ ಎಂಬ ಉಚಿತ ಪ್ಲೇಯರ್‌ನಲ್ಲಿ ಚುಕ್ಕಿ ಒತ್ತಿದರೆ ಮುಂದೆ, ಅಲ್ಪವಿರಾಮ ಒತ್ತಿದರೆ ಹಿಂದೆ. ಹಾಕಿಸಿ, ಹುಡುಗ ಎರಡು ನಿಮಿಷದಲ್ಲಿ ಕಲಿಯುತ್ತಾನೆ.

ಆಫ್‌ಸೈಡ್ ಯಾಕೆ ಬೇಡ ಎಂದರೆ, ಡಿಫೆಂಡರ್ ಮುಂದಕ್ಕೂ ಸ್ಟ್ರೈಕರ್ ಅವನ ಗೋಲಿನ ಕಡೆಗೂ ಸೆಕೆಂಡಿಗೆ 7 ಮೀಟರಿನಂತೆ ಎದುರುಬದುರು ಓಡುವಾಗ, 50 ಫ್ರೇಮಿನ ಕ್ಯಾಮೆರಾದ ಒಂದು ಫ್ರೇಮ್‌ನಲ್ಲೇ ಅವರ ನಡುವಿನ ಅಂತರ 28 ಸೆಂಟಿಮೀಟರ್ ಬದಲಾಗುತ್ತದೆ. ಪಾಸ್ ಕಾಲು ಬಿಟ್ಟದ್ದು ಯಾವ ಫ್ರೇಮ್‌ನಲ್ಲಿ ಎಂದು ಇಬ್ಬರು ಒಪ್ಪುವುದಿಲ್ಲ. 2022ರ ವಿಶ್ವಕಪ್‌ನಲ್ಲಿ ಇದಕ್ಕೇ 12 ಕ್ಯಾಮೆರಾ ಸಾಲದೆ, ಚೆಂಡಿನೊಳಗೆ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುವ ಸೆನ್ಸರ್ ಇಟ್ಟಿದ್ದರು.

ಹ್ಯಾಂಡ್‌ಬಾಲ್‌ಗೆ ಇದನ್ನು ಬಳಸಬಹುದು, ಒಂದು ಷರತ್ತಿನ ಮೇಲೆ. ಕೈಗೆ ತಾಗಿದ ಜಾಗ ನೋಡಲು ಮಾತ್ರ ಸ್ಲೋ ಮೋಷನ್; ಅಪರಾಧ ಹೌದೋ ಅಲ್ಲವೋ ಎನ್ನುವುದಕ್ಕೆ ಮಾಮೂಲಿ ವೇಗ. ವಿಎಆರ್ ನಿಯಮವೂ ಹೀಗೇ ಹೇಳುತ್ತದೆ. ನಿಧಾನಕ್ಕೆ ತೋರಿಸಿದರೆ ಅಕಸ್ಮಾತ್ ತಾಗಿದ ಕೈಯೂ ಬೇಕಂತಲೇ ಚಾಚಿದ ಹಾಗೆ ಕಾಣುತ್ತದೆ.

ಇನ್ನು, ಯಾವ ಕ್ಯಾಮೆರಾವೂ ಬಗೆಹರಿಸದ ಜಗಳಗಳಿವೆ. ಮಾರ್ಚ್ 3, 2023ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಬೇಗ ಹೊಡೆದ ಫ್ರೀ ಕಿಕ್‌ಗೆ ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದದ್ದು ಅಂಥದ್ದು. ಚೆಂಡು ಒಳಗೆ ಹೋದದ್ದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸೀಟಿ ಊದುವ ಮೊದಲೇ ಹೊಡೆಯಲು ರೆಫರಿ ಬಿಟ್ಟದ್ದು ಸರಿಯೇ ಎಂಬುದು ಪ್ರಶ್ನೆ. ಆದರೆ ಜೂನ್ 11, 2024ರ ದೋಹಾ ಬೇರೆ. ಗೋಲು ಗೆರೆಯಾಚೆ ಹೋದ ಚೆಂಡನ್ನು ಕತಾರ್ ಎಳೆದು ತಂದು ಹೊಡೆದ ಗೋಲು ಭಾರತದ ವಿಶ್ವಕಪ್ ಅರ್ಹತೆಯ ದಾರಿಯನ್ನೇ ಮುಚ್ಚಿತು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಗೆರೆಯ ನೇರಕ್ಕೆ ನಿಂತ ಒಂದು ಮದುವೆ ಕ್ಯಾಮೆರಾ ಸಾಕಿತ್ತು ಎಂದರೆ ಅತಿಶಯವಲ್ಲ.

ಎಲ್‌ಇಡಿ ವಾಲ್ ತಗೊಂಡರೆ ರೆಫರಿ ತೀರ್ಪು ಕೊಡುವವರೆಗೆ ರಿಪ್ಲೇ ಅದರಲ್ಲಿ ಬರಬಾರದೆಂದು ಬರೆಸಿಕೊಳ್ಳಿ, ಇಲ್ಲದಿದ್ದರೆ ತೀರ್ಪು ಗ್ಯಾಲರಿಯಲ್ಲೇ ಆಗಿಹೋಗುತ್ತದೆ. ರೆಫರಿಯ ಮಾನಿಟರಿಗೆ ಬಿಸಿಲು ಬಿದ್ದರೆ ಏನೂ ಕಾಣದು; ಟಿವಿ ಬಂದ ರಟ್ಟಿನ ಡಬ್ಬವನ್ನೇ ಮುಸುಕು ಮಾಡಿ. ಮೊದಲ ತೀರ್ಪು ಏನಿತ್ತೆಂದು ರೆಫರಿ ಮೇಜಿನವರಿಗೆ ಬಾಯಿಬಿಟ್ಟು ಹೇಳಿ, ಅವರು ಹಾಳೆಯಲ್ಲಿ ಬರೆದ ಮೇಲೆಯೇ ರಿಪ್ಲೇ ಓಡಲಿ. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್‌ನ ಲೀಗ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಹೋದದ್ದು ಯಂತ್ರದ ತಪ್ಪಿನಿಂದಲ್ಲ. ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದುಕೊಂಡ ವಿಎಆರ್ "ಚೆಕ್ ಕಂಪ್ಲೀಟ್" ಎಂದುಬಿಟ್ಟಿತು, ಅಲ್ಲಿ ಕೊಟ್ಟಿದ್ದದ್ದು ಆಫ್‌ಸೈಡ್. ಒಂದೂವರೆ ನಿಮಿಷದಲ್ಲಿ ಸ್ಪಷ್ಟವಾಗದಿದ್ದರೆ ಹಾಳೆಯಲ್ಲಿ ಬರೆದದ್ದೇ ಉಳಿಯಲಿ.

ಬಾಡಿಗೆ ಮದುವೆ ಸೀಸನ್‌ನಲ್ಲಿ ಏರುತ್ತದೆ, ಆಷಾಢದಲ್ಲಿ ಚೌಕಾಸಿಗೆ ಬಗ್ಗುತ್ತದೆ. ಸಕಲೇಶಪುರ, ಚಿಕ್ಕಮಗಳೂರಿನ ಮಳೆಯೂ ಆಗಲೇ ಇರುವುದರಿಂದ ಕ್ಯಾಮೆರಾಕ್ಕೆ ಮಳೆಕೋಟು, ಲೆನ್ಸ್ ಒರೆಸಲು ಒಣಬಟ್ಟೆ ತರುತ್ತಾರೋ ಕೇಳಿ. ಪಂದ್ಯ ಮುಗಿದ ಕೂಡಲೇ ಎರಡೂ ಕಾರ್ಡಿನ ಫುಟೇಜ್ ಅಲ್ಲೇ ಮೇಜಿನ ಮೇಲೆ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಮರುದಿನ ಬೆಳಿಗ್ಗೆ ಎಲ್ಲಾದರೂ ಮುಹೂರ್ತವಿದ್ದರೆ ರಾತ್ರಿಯೇ ಕಾರ್ಡ್ ಫಾರ್ಮ್ಯಾಟ್ ಆಗಿರುತ್ತದೆ.