ಸ್ವಾನೇತಿಯ ಕಲ್ಲುಗೋಪುರಗಳಿಗೆ ಬೆಂಗಳೂರಿನಿಂದ ಪ್ರವಾಸ: ಮೆಸ್ತಿಯಾಕ್ಕೆ ಪೂರ್ಣ ಅಂಕ, ಉಷ್ಗುಲಿಗೆ ಅರ್ಧ

ಜಾರ್ಜಿಯಾ ಪ್ರವಾಸವೆಂದರೆ ಟಿಬಿಲಿಸಿ, ಬಟುಮಿ ಮತ್ತು ಹಿಮದಲ್ಲಿ ತೆಗೆಸಿಕೊಂಡ ಫೋಟೋಗಳು ಎಂಬಂತಾಗಿರುವಾಗ, ಕಾಕಸಸ್ ಪರ್ವತಗಳ ನಡುವಿನ ಸ್ವಾನೇತಿಯ ಕಲ್ಲುಗೋಪುರಗಳನ್ನೇ ಮುಖ್ಯವಾಗಿಟ್ಟುಕೊಂಡು ದಕ್ಷಿಣ ಬೆಂಗಳೂರಿನ ಸಣ್ಣ ಸಂಸ್ಥೆಯೊಂದು ಏರ್ಪಡಿಸಿದ್ದ ಪ್ರವಾಸದಲ್ಲಿ ಕಳೆದ ಆಗಸ್ಟ್‌ನಲ್ಲಿ ಪಾಲ್ಗೊಂಡಿದ್ದೆ. ವೀಸಾ, ವಿಮಾನ, ವಸತಿ ಯಾವುದರಲ್ಲೂ ತಕರಾರಿಲ್ಲ.

ಮೆಸ್ತಿಯಾ ಪಟ್ಟಣದ ಭಾಗವನ್ನು ಅವರು ಬಹಳ ಚೆನ್ನಾಗಿ ನಿರ್ವಹಿಸಿದರು. ಅಲ್ಲಿನ ಸಂಗ್ರಹಾಲಯದಲ್ಲಿ ಕ್ರಿ.ಶ. 897ರ ಆದಿಶಿ ಸುವಾರ್ತೆ ಎಂಬ ಕ್ರೈಸ್ತ ಗ್ರಂಥದ ಹಸ್ತಪ್ರತಿ ಮತ್ತು ಮಧ್ಯಯುಗದ ಧಾರ್ಮಿಕ ಚಿತ್ರಗಳಿವೆ. ಅವುಗಳ ಮುಂದೆ ನಿಂತು ನೋಡುವಾಗ ಯಾರೂ ಅವಸರಪಡಿಸಲಿಲ್ಲ. ಮಾರ್ಗಿಯಾನಿ ಮನೆತನದ ಹಳೆಯ ಮನೆಯಲ್ಲಿ ನಡುವೆ ಒಲೆ, ಗೋಡೆಯುದ್ದಕ್ಕೂ ಕೆತ್ತನೆಯ ಹಲಗೆಗಳ ಹಿಂದೆ ದನಗಳ ಗೋದಲಿ, ಅದರ ಮೇಲೆಯೇ ಮನೆಮಂದಿ ಮಲಗುವ ಅಟ್ಟ. ಮನುಷ್ಯರೂ ದನಗಳೂ ಒಂದೇ ಸೂರಿನಡಿ ಚಳಿಗಾಲ ಕಳೆಯುತ್ತಿದ್ದ ಬಗೆ ಮಲೆನಾಡಿನ ಹಳೆಯ ಮನೆಗಳನ್ನು ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ. ಪಕ್ಕದ ಗೋಪುರದೊಳಗೆ ಮರದ ಏಣಿಯಿಂದ ಏಣಿಗೆ ಹತ್ತಬೇಕು. ಮೇಲೆ ಹೋದಂತೆ ಗೋಡೆಯ ದಪ್ಪ ಕಡಿಮೆಯಾಗುತ್ತದೆ. ವೈರಿಗಳು ಬಂದಾಗ ಏಣಿ ಎಳೆದುಕೊಂಡರೆ ಮುಗಿಯಿತು.

ನನ್ನ ಆಕ್ಷೇಪವಿರುವುದು ಉಷ್ಗುಲಿಯ ವಿಷಯದಲ್ಲಿ. ಮೆಸ್ತಿಯಾದಿಂದ ಸುಮಾರು 45 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ 2,000 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಈ ಹಳ್ಳಿಗಳ ಗುಂಪಿಗೆ ಸೇರಿದ ಚಜಾಶಿ 1971ರಿಂದ ಸಂಗ್ರಹಾಲಯ-ಸಂರಕ್ಷಿತ ತಾಣವಾಗಿದೆ. 1996ರಲ್ಲಿ ಈ ಹಳ್ಳಿಗಳಿರುವ ಮೇಲಣ ಸ್ವಾನೇತಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಜಾಶಿಯೊಂದರಲ್ಲೇ ಗೋಪುರಮನೆಗಳು, ಚರ್ಚುಗಳು ಮತ್ತು ಕೋಟೆಗಳು ಸೇರಿ ಇನ್ನೂರಕ್ಕೂ ಹೆಚ್ಚು ಹಳೆಯ ಕಟ್ಟಡಗಳಿವೆ. ಇಷ್ಟಕ್ಕೆ ಸಂಸ್ಥೆ ಕೊಟ್ಟದ್ದು ಊಟವೂ ಸೇರಿ ಒಂದು ಮಧ್ಯಾಹ್ನ! ಲಾಲ್‌ಬಾಗ್ ಬಂಡೆಯ ಮೇಲಿನ ಕೆಂಪೇಗೌಡ ಗೋಪುರವನ್ನಾದರೆ ಒಂದು ಸುತ್ತಿನಲ್ಲಿ ನೋಡಿ ಮುಗಿಸಬಹುದು, ಚಜಾಶಿಯನ್ನು ಹಾಗೆ ನೋಡಲಾಗದು.

ಸ್ಥಳೀಯ ಮಾರ್ಗದರ್ಶಿ ಬಾಯಿಪಾಠ ಒಪ್ಪಿಸುವವರಲ್ಲ. ಗೋಪುರದ ಚಾವಣಿ ಹೋದರೆ ಮಳೆ ಮತ್ತು ಹಿಮದ ನೀರು ಗೋಡೆಯೊಳಕ್ಕೆ ಇಳಿದು ಗಾರೆಯನ್ನು ಸಡಿಲಿಸುತ್ತದೆ, ಅದು ಹೆಪ್ಪುಗಟ್ಟಿದಾಗ ಕಲ್ಲುಗಳು ಜರುಗುತ್ತವೆ, ಆದ್ದರಿಂದ ದುರಸ್ತಿ ತುದಿಯಿಂದ ಆರಂಭವಾಗಬೇಕು ಎಂದು ಅವರು ಬಿರುಕು ಬಿಟ್ಟ ಗೋಡೆಯೊಂದರ ಮೇಲೆ ಬೆರಳಿಟ್ಟು ವಿವರಿಸಿದರು. ಹಳೆಯ ಗಾರೆಯ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ ಎಂಬ ಅವರ ಮಾತು ನಮ್ಮ ಊರುಗಳಲ್ಲಿ ಗುಡಿಗಳ ಜೀರ್ಣೋದ್ಧಾರ ಮಾಡಿಸುವವರ ಕಿವಿಗೂ ಬೀಳಬೇಕಿತ್ತು. ಪ್ರಶ್ನೆ ಕೇಳುವ ಹೊತ್ತಿಗೆ ವಾಹನ ಹಾರನ್ ಹಾಕುತ್ತಿತ್ತು.

ಊಟದ ಬಗ್ಗೆ ಒಂದು ಮಾತು: ಕುಬ್ದಾರಿ ಮಾಂಸದ ಹೂರಣದ ರೊಟ್ಟಿ, ಸಸ್ಯಾಹಾರಿಗಳಿಗೆ ಮೆಕ್ಕೆಜೋಳದ ಹಿಟ್ಟು ಮತ್ತು ಚೀಸ್ ಸೇರಿಸಿ ಮಾಡುವ ಚ್ವಿಷ್ಟಾರಿ ರುಚಿಯಾಗಿದೆ. ಗೋಪುರದ ಏಣಿಗಳು ಮಂಡಿನೋವಿರುವ ಹಿರಿಯರಿಗೆ ಹೇಳಿದ್ದಲ್ಲ.

ಇಂಥ ಪ್ರವಾಸಕ್ಕೆ ಹೊರಡುವವರು ಉಷ್ಗುಲಿಯಲ್ಲಿ ಒಂದು ರಾತ್ರಿಯಾದರೂ ತಂಗುವ ಏರ್ಪಾಡಿದೆಯೇ ಎಂದು ವಿಚಾರಿಸಿ, ಇದ್ದರೆ ಅದನ್ನು ಬರೆಸಿಕೊಂಡೇ ಮುಂಗಡ ಕೊಡುವುದು ಒಳ್ಳೆಯದು.