ರಾತ್ರಿ ಹನ್ನೆರಡೂವರೆಗೆ ಕೊನೆಲ್ಯಾನೊ: ನಿದ್ದೆಗೆಡಬಹುದಾ?

ಇಟಲಿಯ ಇಮೊಕೊ ಕೊನೆಲ್ಯಾನೊ ಎಂಬ ಮಹಿಳಾ ತಂಡದ ಆಟ ನೋಡಲಿಕ್ಕೆಂದೇ ಒಂದು ವಾಲಿಬಾಲ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೇನೆ. "ಕ್ರಿಕೆಟ್ ಬಿಟ್ಟು ಇದಕ್ಕೂ ದುಡ್ಡು ಕೊಡ್ತಾರಾ?" ಎಂದು ಮನೆಯಲ್ಲಿ ಕೇಳಿದರು. ಕೊಡುತ್ತಾರೆ. ಕಾಲೇಜ್ ಟೀಮಿನಲ್ಲಿ ಲಿಬೆರೊ, ಅಂದರೆ ಹಿಂದೆ ನಿಂತು ಎದುರಾಳಿಯ ಚೆಂಡು ಎತ್ತುವವಳು, ಆಗಿ ಮಣ್ಣಿನ ಕೋರ್ಟ್ ಮೇಲೆ ಮೊಣಕಾಲು ತರಚಿಕೊಂಡವಳು ಖಂಡಿತ ಕೊಡುತ್ತಾಳೆ. ನಮ್ಮ ಪ್ರೈಮ್ ವಾಲಿಬಾಲ್ ಲೀಗ್ ಬರೀ ಗಂಡಸರದ್ದು. ದೊಡ್ಡ ಮಟ್ಟದ ಮಹಿಳಾ ಕ್ಲಬ್ ವಾಲಿಬಾಲ್ ನೋಡಬೇಕು ಅಂದರೆ ಇಟಲಿ ಅಥವಾ ಟರ್ಕಿ ಕಡೆಗೇ ತಿರುಗಬೇಕು.

ಕ್ಲಬ್ ಶುರುವಾಗಿದ್ದು 2012ರಲ್ಲಿ. ಊರು ವೆನೆಟೊ ಪ್ರಾಂತ್ಯದ ಕೊನೆಲ್ಯಾನೊ, ಪ್ರೊಸೆಕ್ಕೊ ವೈನಿನ ಸೀಮೆ. ಆದರೆ ತವರಿನ ಪಂದ್ಯ ಆಡುವುದು ವಿಲ್ಲೊರ್ಬಾದ ಪಾಲಾವೆರ್ದೆಯಲ್ಲಿ. ಸುಮಾರು 5,000 ಜನ ಹಿಡಿಯುವ ಒಳಾಂಗಣ. ಇಟಲಿ ಲೀಗ್ ಮೊದಲ ಸಲ ಗೆದ್ದಿದ್ದು 2016ರಲ್ಲಿ. 2018ರಿಂದ 2025ರವರೆಗೆ ಲೀಗ್ ಪ್ರಶಸ್ತಿ ಬೇರೆ ಯಾರ ಕೈಗೂ ಸಿಕ್ಕಿಲ್ಲ. 2020ರದ್ದು ಮಾತ್ರ ಕೋವಿಡ್‌ನಿಂದ ಅರ್ಧಕ್ಕೇ ನಿಂತಿತು. ಯುರೋಪಿನ ಚಾಂಪಿಯನ್ಸ್ ಲೀಗ್ 2021, 2024, 2025ರಲ್ಲಿ. ವಿಶ್ವ ಕ್ಲಬ್ ಪ್ರಶಸ್ತಿ 2019, 2022, 2024ರಲ್ಲಿ. ಮಧ್ಯೆ 2019ರ ಡಿಸೆಂಬರ್‌ನಿಂದ 2021ರ ಡಿಸೆಂಬರ್‌ವರೆಗೆ ಸತತ 76 ಪಂದ್ಯ ಗೆದ್ದರು. ಇಸ್ತಾಂಬುಲ್‌ನ ವಾಕಿಫ್‌ಬ್ಯಾಂಕ್ ತಂಡದ 73ರ ದಾಖಲೆ ಮುರಿಯಿತು. ಕೊನೆಗೆ ಸೋಲಿಸಿದ್ದು ಇಟಲಿಯದೇ ನೊವಾರಾ ತಂಡ.

ಇಷ್ಟು ಕೇಳಿದರೆ ಯಾರಾದರೂ ಸ್ಮ್ಯಾಷ್ ಹೊಡೆಯುವವರನ್ನೇ ಹೊಗಳುತ್ತಾರೆ. ನಾನೂ ಪಾವೊಲಾ ಎಗೊನು ಹೊಡೆತ ನೋಡಲಿಕ್ಕೇ ಹೋದವಳು. 2021ರ ಚಾಂಪಿಯನ್ಸ್ ಲೀಗ್ ಗೆಲುವಿನಲ್ಲಿ ಎಗೊನು ಪಾಲು ದೊಡ್ಡದು. ಆದರೆ ಆಕೆ 2022ರಲ್ಲಿ ವಾಕಿಫ್‌ಬ್ಯಾಂಕ್‌ಗೆ ಹೊರಟುಹೋದಳು. ಅಲ್ಲಿಂದ ಸ್ವೀಡನ್ನಿನ ಇಸಾಬೆಲ್ ಹಾಕ್ ಇಲ್ಲಿಗೆ ಬಂದಳು. 2024ರಲ್ಲಿ ಬ್ರೆಜಿಲ್‌ನ ಗಾಬಿ, ಚೀನಾದ ಜು ಟಿಂಗ್ ಸೇರಿಕೊಂಡರು. ಹೊಡೆಯುವವರು ಬದಲಾಗುತ್ತಲೇ ಇದ್ದರು, ಗೆಲುವು ಮಾತ್ರ ನಿಲ್ಲಲಿಲ್ಲ. ಯಾಕೆ ಅಂದರೆ ಲಿಬೆರೊ ಮೋನಿಕಾ ದೆ ಜೆನ್ನಾರೊ 2013ರಿಂದ ಇಲ್ಲೇ ಇದ್ದಾಳೆ. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್, ಪೋಲೆಂಡಿನ ಯೊವಾನ್ನಾ ವೊವೊಶ್ 2017ರಲ್ಲಿ ಬಂದಳು. ದಾನಿಯೆಲೆ ಸಾಂತಾರೆಲ್ಲಿ ಮುಖ್ಯ ಕೋಚ್ ಆಗಿದ್ದೂ ಅದೇ ವರ್ಷ.

ಒಂದು ಪಂದ್ಯದಲ್ಲಿ ದೆ ಜೆನ್ನಾರೊ, ವೊವೊಶ್ ಇಬ್ಬರನ್ನೇ ನೋಡಿ, ಚೆಂಡನ್ನು ಬಿಟ್ಟುಬಿಡಿ. ಎದುರಾಳಿ ಸರ್ವ್‌ಗೆ ಚೆಂಡು ಮೇಲೆ ಹಾಕುವಷ್ಟರಲ್ಲಿ ದೆ ಜೆನ್ನಾರೊ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಿರುತ್ತಾಳೆ. ಡೈವ್ ಹೊಡೆಯುವುದು ಕಡಿಮೆ, ಬೇಕಾಗುವುದೇ ಇಲ್ಲ. ಎರಡೂ ಕೈ ಜೋಡಿಸಿ ಸುಮ್ನೆ ಒಡ್ಡುತ್ತಾಳೆ. ಅಷ್ಟು ಜೋರಾಗಿ ಬಂದ ಚೆಂಡು ಮೆತ್ತಗೆ ಎದ್ದು ನೆಟ್ ಹತ್ತಿರ ವೊವೊಶ್ ತಲೆ ಮೇಲೆ ಇಳಿಯುತ್ತದೆ. ವೊವೊಶ್ ಭುಜ, ಮುಖ ಎಲ್ಲ ಎಡಗಡೆಗೆ. ಬ್ಲಾಕ್ ಮಾಡುವವರು ಅದನ್ನು ನಂಬಿ ಆ ಕಡೆ ಓಡುತ್ತಾರೆ. ಕೊನೇ ಗಳಿಗೆಯಲ್ಲಿ ಮಣಿಕಟ್ಟು ಹಿಂದಕ್ಕೆ ಬಾಗಿ ಚೆಂಡು ಬೆನ್ನ ಹಿಂದೆ ಹೋಗಿರುತ್ತದೆ. ಅಲ್ಲಿ ಹಾಕ್ ಮುಂದೆ ಒಬ್ಬಳೇ ಬ್ಲಾಕರ್. ಪಾಯಿಂಟ್ ಹಾಕ್ ಹೆಸರಿಗೆ ಬರುತ್ತದೆ, ಅದಿರಲಿ.

ಇನ್ನೊಂದು ಮಜಾ: ಸಾಂತಾರೆಲ್ಲಿ, ದೆ ಜೆನ್ನಾರೊ ಗಂಡ ಹೆಂಡತಿ. 2025ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆತ ಟರ್ಕಿ ಕೋಚ್, ಆಕೆ ಇಟಲಿ ಲಿಬೆರೊ. ಇಟಲಿ 3–2ರಿಂದ ಗೆದ್ದಿತು. ಆಮೇಲೆ ಇಬ್ಬರೂ ಒಂದೇ ಮನೆಗೆ ಹೋಗಬೇಕಲ್ವಾ!

ತೊಂದರೆಗಳೂ ಇವೆ. ಚಳಿಗಾಲದಲ್ಲಿ ಇಟಲಿಯ ಸಂಜೆ ಐದು ನಮಗೆ ರಾತ್ರಿ ಒಂಬತ್ತೂವರೆ, ಅದು ಪರವಾಗಿಲ್ಲ. ವಾರದ ಮಧ್ಯೆ ಅಲ್ಲಿ ಎಂಟಕ್ಕೆ ಶುರುವಾದರೆ ಇಲ್ಲಿ ಹನ್ನೆರಡೂವರೆ. ಮರುದಿನ ಆಫೀಸಿನಲ್ಲಿ ಆಕಳಿಕೆ ಗ್ಯಾರಂಟಿ. ಸರಿ, ಬೆಳಿಗ್ಗೆ ರೆಕಾರ್ಡಿಂಗ್ ನೋಡೋಣ ಅಂದರೆ ನನ್ನ ಆ್ಯಪ್ ಪಂದ್ಯದ ಹೆಸರಿನ ಪಕ್ಕದಲ್ಲೇ ಫಲಿತಾಂಶ ಹಾಕಿಟ್ಟಿರುತ್ತದೆ. ಇದಕ್ಕಿಂತ ತಲೆಕೆಟ್ಟ ಕೆಲಸ ಇನ್ನೊಂದಿಲ್ಲ. ಜೊತೆಗೆ ತಂಡ ಜಾಸ್ತಿಯೇ ಚೆನ್ನಾಗಿದೆ. ಲೀಗ್‌ನಲ್ಲಿ ಕೆಳಗಿರುವ ತಂಡಗಳ ಜೊತೆಗಿನ ಎಷ್ಟೋ ಪಂದ್ಯ ಮೂರೇ ಸೆಟ್‌ಗೆ ಮುಗಿದುಹೋಗುತ್ತವೆ. ಅವನ್ನು ಅರ್ಧಕ್ಕೇ ಬಿಟ್ಟು ಮಲಗಿದ್ದೇನೆ. 2025ರ ಚಾಂಪಿಯನ್ಸ್ ಲೀಗ್ ಫೈನಲ್ ಕೂಡ ಇಟಲಿಯದೇ ಸ್ಕಾಂದಿಚ್ಚಿ ತಂಡದ ವಿರುದ್ಧ 3–0. ಗೆದ್ದವರಿಗೆ ಹಬ್ಬ, ನೋಡುವವರಿಗೆ ಸಪ್ಪೆ.

ಹೊಸಬರು ಟರ್ಕಿಯ ಅಂತಾಲ್ಯಾದಲ್ಲಿ ನಡೆದ 2024ರ ಚಾಂಪಿಯನ್ಸ್ ಲೀಗ್ ಫೈನಲ್‌ನಿಂದ ಶುರು ಮಾಡಿ. ಎದುರಿಗೆ ಮಿಲಾನ್, ಅಷ್ಟರಲ್ಲಿ ಎಗೊನು ಆ ಕಡೆ ಸೇರಿದ್ದಳು. ಐದು ಸೆಟ್ ಹೋಯಿತು. ಆಕೆಯ ಹೊಡೆತಕ್ಕೆ ದೆ ಜೆನ್ನಾರೊ ಎಲ್ಲಿ ನಿಂತಿರುತ್ತಾಳೆ ಎಂಬುದನ್ನು ಗಮನಿಸಿ, ಮೂರು ವರ್ಷ ಒಂದೇ ಟೀಮಿನಲ್ಲಿ ಆಡಿದವರು ಅವರು. ತಂಡಕ್ಕೆ ಐದಕ್ಕೆ ಐದು ಸ್ಟಾರ್. ಆ್ಯಪ್‌ಗೆ ಎರಡು ಸಾಕು. ಚಂದಾ ಮಾತ್ರ ಮುಂದಿನ ವರ್ಷಕ್ಕೂ ಕಟ್ಟುತ್ತೇನೆ.