ಆಶ್ರಯ ಬೀಜ ಬೆರೆಸಿದ ಬಿಟಿ ಹತ್ತಿ ಪಾಕೀಟು: ಸವದತ್ತಿ ಸೀಮೆಯ ರೈತನ ವಿಮರ್ಶೆ

ಸವದತ್ತಿಯ ಬೀಜದಂಗಡಿಯೊಂದರಲ್ಲಿ ಕೊಂಡು ಕಳೆದ ಮುಂಗಾರಿನಲ್ಲಿ ನಮ್ಮ ಎರೆಹೊಲದಲ್ಲಿ ಊರಿದ 475 ಗ್ರಾಂ ತೂಕದ ಬಿಟಿ ಹತ್ತಿ ಪಾಕೀಟಿನ ವಿಮರ್ಶೆ ಇದು. ಬಿಟಿ ಎಂದರೆ ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಒಂದು ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿ. ಮೊಳಕೆ ಚೆನ್ನಾಗಿತ್ತು, ಇಳುವರಿಯೂ ತೃಪ್ತಿಕರ. ಆದರೆ ಈ ಪಾಕೀಟಿನ ನಿಜವಾದ ಗುಣ ಇರುವುದು ಅದರಲ್ಲಿ ಶೇಕಡಾ 5ರಿಂದ 10ರಷ್ಟು ಬೆರೆಸಿರುವ ಬಿಟಿಯಲ್ಲದ ಬೀಜಗಳಲ್ಲಿ. ಮೊದಲು 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಆಶ್ರಯ ಬೀಜವನ್ನು, ಎಂದರೆ ಹುಳುವಿಗೆ ಆಶ್ರಯವಾಗುವ ಬಿಟಿಯಲ್ಲದ ಬೀಜವನ್ನು, ಬೇರೆ ಪೊಟ್ಟಣದಲ್ಲಿ ಕೊಡುತ್ತಿದ್ದರು. ಹೊಲದ ಸುತ್ತ ಬಿತ್ತಬೇಕಾಗಿದ್ದ ಅದನ್ನು ನಮ್ಮ ಕಡೆ ಬಹಳ ಜನ ಬಿತ್ತುತ್ತಲೇ ಇರಲಿಲ್ಲ. ಈಗ ಬೆರೆಸಿಯೇ ಕೊಡುವುದರಿಂದ ಬಿಡುವ ಪ್ರಶ್ನೆಯೇ ಬರುವುದಿಲ್ಲ.

ಹುಳು ತಿನ್ನುವ ಗಿಡವನ್ನು ಬೇಕೆಂದೇ ಏಕೆ ಬೆಳೆಸಬೇಕು ಎಂಬುದಕ್ಕೆ ಉತ್ತರ ನಿಸರ್ಗದ ಆಯ್ಕೆಯಲ್ಲಿದೆ. ಹುಳು ವಿಷಕ್ಕೆ ಒಗ್ಗಿಕೊಂಡಿತು ಎಂದು ನಾವು ಹೇಳುತ್ತೇವೆ, ಆದರೆ ಯಾವ ಒಂದು ಹುಳುವೂ ತನ್ನ ಆಯುಷ್ಯದಲ್ಲಿ ಹಾಗೆ ಒಗ್ಗಿಕೊಳ್ಳುವುದಿಲ್ಲ. ಲಕ್ಷಾಂತರ ಹುಳುಗಳಲ್ಲಿ ಬಿಟಿ ವಿಷ ತಟ್ಟದಂಥ ವಂಶವಾಹಿ ಹೊತ್ತವು ಕೆಲವು ಮೊದಲೇ ಇರುತ್ತವೆ; ವಿಷವು ಉಳಿದವನ್ನು ಕೊಂದು ಅವಕ್ಕೆ ದಾರಿ ಬಿಡುತ್ತದೆ, ಬದುಕಿದವು ಆ ಗುಣವನ್ನು ಮರಿಗಳಿಗೆ ದಾಟಿಸುತ್ತವೆ. ವ್ಯತ್ಯಾಸ, ಆನುವಂಶಿಕತೆ, ಬದುಕಿ ಸಂತತಿ ಬಿಡುವುದರಲ್ಲಿನ ಹೆಚ್ಚುಕಡಿಮೆ ಎಂದು ಡಾರ್ವಿನ್ 1859ರಲ್ಲಿ ವಿವರಿಸಿದ್ದು ಇದನ್ನೇ. ಹತ್ತಿ ಕಾಯಿಯೊಳಗೆ ಹೊಕ್ಕು ಬೀಜ ತಿನ್ನುವ ಗುಲಾಬಿ ಕಾಯಿಕೊರಕ ಒಂದೇ ಹಂಗಾಮಿನಲ್ಲಿ ಹಲವು ತಲೆಮಾರು ಕಾಣುವುದರಿಂದ ಈ ಬದಲಾವಣೆ ನಮ್ಮ ಕಣ್ಣೆದುರೇ ನಡೆಯಿತು: ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ, ಗುಜರಾತಿನಲ್ಲಿ ಅದನ್ನು ಮೀರಿದ ಹುಳು ವರದಿಯಾದದ್ದು 2010ರಲ್ಲಿ.

ಈ ನಿರೋಧಕ ಗುಣ ಬಹುಮಟ್ಟಿಗೆ ಅಪ್ರಬಲವಾದದ್ದು, ಎಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಹುಳು ಬದುಕುತ್ತದೆ. ಹುಳು ಬೆಳೆದು ಪತಂಗವಾಗುತ್ತದೆ; ಬಿಟಿಯಲ್ಲದ ಗಿಡಗಳಲ್ಲಿ ಬೆಳೆದ ಸಾಮಾನ್ಯ ಪತಂಗಗಳು ಬದುಕುಳಿದ ನಿರೋಧಕ ಪತಂಗಗಳೊಡನೆ ಕೂಡಿದರೆ ಹುಟ್ಟುವ ಮರಿಗಳು ಬಿಟಿ ಕಾಯಿಯಲ್ಲಿ ಸಾಯುತ್ತವೆ. ಅರಿಝೋನಾದ ರೈತರು ಆಶ್ರಯ ಬೆಳೆಯನ್ನು ನಿಷ್ಠೆಯಿಂದ ಪಾಲಿಸಿದರು, ಬಳಿಕ ಅಲ್ಲಿ ಬಂಜೆ ಪತಂಗಗಳನ್ನೂ ಬಿಡಲಾಯಿತು; 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಈ ಹುಳು ನಿರ್ಮೂಲವಾಯಿತೆಂದು ಘೋಷಿಸಲಾಯಿತು.

ಬೆರೆಸುವ ಕ್ರಮ ಈ ಹುಳುವಿಗೆ ಒಪ್ಪುವಂಥದ್ದು. ಮುದುಡಿದ ಕಾಯಿಯನ್ನು ಸೀಳಿ ನೋಡಿದರೆ ಎರಡು ಬೀಜಗಳನ್ನು ಅಂಟಿಸಿಕೊಂಡು ಅವುಗಳ ನಡುವೆಯೇ ಗುಲಾಬಿ ಬಣ್ಣದ ಹುಳು ಕುಳಿತಿರುತ್ತದೆ. ಅದು ಗಿಡದಿಂದ ಗಿಡಕ್ಕೆ ಅಲೆಯುವುದಿಲ್ಲ, ಆದ್ದರಿಂದ ಬಿಟಿಯಲ್ಲದ ಗಿಡದ ಹುಳು ಪಕ್ಕದ ಬಿಟಿ ಗಿಡದ ವಿಷ ತಿನ್ನದೆ ಅಲ್ಲೇ ಬೆಳೆಯುತ್ತದೆ. ಗಿಡ ಬದಲಿಸುವ ಹಸಿರು ಕಾಯಿಕೊರಕದ ವಿಷಯದಲ್ಲಿ ಈ ಉಪಾಯ ಅಷ್ಟು ಬಲವಾದದ್ದಲ್ಲ. ಪರಾಗ ಬೆರೆತು ಬಿಟಿಯಲ್ಲದ ಗಿಡದ ಕಾಯಿಯಲ್ಲೂ ಕೆಲವು ಬೀಜಗಳಿಗೆ ವಿಷ ಸೇರುವುದು ಇನ್ನೊಂದು ಕೊರತೆ.

ನನ್ನ ದೂರು ಪಾಕೀಟಿನೊಳಗಿನ ಮಾಹಿತಿ ಚೀಟಿಯ ಮೇಲೆ. ಸಣ್ಣ ಅಕ್ಷರಗಳಲ್ಲಿ ಎಲ್ಲವನ್ನೂ ಅಚ್ಚು ಹಾಕಿ, ಈ ಬೆರಕೆ ಏಕೆ ಎಂಬುದನ್ನು ಮಾತ್ರ ಒಂದು ಸಾಲಿನಲ್ಲೂ ಹೇಳಿಲ್ಲ. ಅಂಗಡಿಯಾತನೇ ಅದನ್ನು ಕಳಪೆ ಬೀಜ ಎಂದು ಭಾವಿಸಿದ್ದ. ಹಾಗೆ ನಂಬಿದ ರೈತ ಹುಳು ಕಂಡ ಗಿಡಗಳನ್ನು ಕಿತ್ತೆಸೆದರೆ ಇಡೀ ವ್ಯವಸ್ಥೆ ವ್ಯರ್ಥವಾಗುತ್ತದೆ.

ಎರಡು ವಿಷಗಳಿರುವ ಈಗಿನ ತಳಿಯನ್ನೂ ಮೀರಿದ ಹುಳುಗಳು ದೇಶದಲ್ಲಿ ಈಗಾಗಲೇ ಹರಡಿರುವುದರಿಂದ ಆಶ್ರಯ ಬೀಜವೊಂದೇ ಸಾಲದು. ಪಾಕೀಟನ್ನು ಧಾರಾಳವಾಗಿ ಕೊಳ್ಳಿರಿ; ಜೊತೆಗೆ ಹೆಣ್ಣು ಪತಂಗದ ವಾಸನೆಯಿಂದ ಗಂಡುಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಕಟ್ಟಿ, ಹತ್ತಿಯನ್ನು ಜನವರಿ ದಾಟಿಸದೆ ಬಿಡಿಸಿ ಮುಗಿಸಿ, ಕಟ್ಟಿಗೆಯನ್ನು ಹೊಲದಲ್ಲಾಗಲಿ ಬದುವಿನ ಮೇಲಾಗಲಿ ಉಳಿಸದೆ ತೆಗೆಯಿರಿ.